ಲೋ ಗೂಬೆ, ನಮ್ಮಪ್ಪನಿಗೆ ಈಜು ಬರ್ತದೆ

ಪ್ರೀತಿಯ ಗೂಬೆಗೆ,

ಇದನ್ನ ವಾಟ್ಸಾಪ್‌ನಲ್ಲೇ ಕಳಿಸಬಹುದಿತ್ತು. ಆದರೆ ನೀಲಿ ಟಿಕ್ ತೋರಿಸಿ ಸುಮ್ಮನಾಗುವುದು ನಿನ್ನ ಹಳೇ ಚಾಳಿ. ನಾಲ್ಕು ಜನರ ಮುಂದೆ ಕೇಳಿದರೆ ಮರ್ಯಾದೆಗಾದರೂ ಉತ್ತರ ಬರೆಯುತ್ತೀಯ. ಓದುವ ಉಳಿದವರು ಮಧ್ಯೆ ಬರುವ ಪಿ.ಟಿ. ಮೇಷ್ಟ್ರು, ಸೋಮವಾರದ ಇಡ್ಲಿ ಇತ್ಯಾದಿಗಳನ್ನು ದಾಟಿಕೊಂಡು ಹೋಗಬೇಕಾಗಿ ವಿನಂತಿ.

ಈ ಸಲ ಯುಗಾದಿ ಮುಗಿಸಿಕೊಂಡು ಮನೆಮಂದಿಯೆಲ್ಲ ಸಮುದ್ರ ನೋಡಲು ಹೋಗಿದ್ದೆವು. ಹಬ್ಬದ ಮಾರನೇ ದಿನ ಬೆಳಿಗ್ಗೆಯೇ ಹೊರಡೋಣ ಅಂದಿದ್ದೆ. ಆಗ ಅಪ್ಪನ ಮುಖ ನೀನು ನೋಡಬೇಕಿತ್ತು. ಹೊಸತೊಡಕಿನ ದಿನ ಊರು ಬಿಡುವವರುಂಟಾ? ಗುಡ್ಡೆ ಮಾಂಸ ಬಂದು, ಬೆಂದು, ಪಾತ್ರೆ ಖಾಲಿಯಾದ ಮೇಲೇ ನಮ್ಮ ಕಾರು ಪಾಂಡವಪುರ ಬಿಟ್ಟಿದ್ದು. ಸಂಪಾಜೆ ಘಾಟಿಯಲ್ಲಿ ಮಗಳು ವಾಂತಿ ಮಾಡಿದಳು. ಪುತ್ತೂರಿನಲ್ಲಿ ಅವ್ವ ಸೆಕೆಗೆ ಶಾಪ ಹಾಕಿದಳು. ದಾರಿಯದ್ದು ಅಷ್ಟೇ.

ಇಳಿದುಕೊಂಡಿದ್ದು ಮಲ್ಪೆ ಪಕ್ಕದ ಪಡುಕೆರೆಯಲ್ಲಿ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ. ನಡುವೆ ಒಂದು ರಸ್ತೆ, ಒಂದಿಷ್ಟು ತೆಂಗಿನಮರ, ಮನೆಗಳು. ಅವ್ವ ರಾಗಿಹಿಟ್ಟು, ಹುರುಳಿಕಾಳು, ಮುದ್ದೆ ಕೋಲು ಎಲ್ಲ ಕಟ್ಟಿಕೊಂಡು ಬಂದಿದ್ದಳು. ಅಪ್ಪನಿಗೆ ಅಂತ. ಅಪ್ಪ ಮೊದಲನೇ ರಾತ್ರಿಯೇ ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಪುಳಿಮುಂಚಿ ಕಲಸಿಕೊಂಡು ಮತ್ತೆ ಮತ್ತೆ ಹಾಕಿಸಿಕೊಂಡ. ಮುದ್ದೆಯ ನೆನಪೂ ಬರಲಿಲ್ಲ ಅವನಿಗೆ. ಅವ್ವ ಈಗಲೂ ಮುನಿಸಿಕೊಂಡೇ ಇದ್ದಾಳೆ.

ಬೆಳಿಗ್ಗೆ ಎದ್ದ ತಕ್ಷಣ ಪೇಪರಿನಲ್ಲಿ ಕೆಆರ್‌ಎಸ್ ಮಟ್ಟ ನೋಡುವ ಮನುಷ್ಯ ಅವನು. 124.80 ಅಡಿ ಮುಟ್ಟಿದ ವರ್ಷಗಳನ್ನು ಮಕ್ಕಳು ಹುಟ್ಟಿದ ವರ್ಷಗಳಿಗಿಂತ ಚೆನ್ನಾಗಿ ನೆನಪಿಟ್ಟಿದ್ದಾನೆ. ದಡದಲ್ಲಿ ಬಲೆ ಬಿಡಿಸುತ್ತಿದ್ದವರ ಹತ್ತಿರ ಹೋಗಿ, ಈ ನೀರು ಇಳಿಯೋದು ಏರೋದು ಹೆಂಗೆ ಅಂತ ಕೇಳಿದ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ ಅಂತ ಅವರು ಹೇಳಿದರು. "ಯಾವ ಪ್ರಾಧಿಕಾರದ ಆದೇಶನೂ ಇಲ್ದೆ?" ಅಂದ. ಅವರಿಗೆ ಅರ್ಥವಾಗಲಿಲ್ಲ. ನಾನು ನಕ್ಕು ನಕ್ಕು ಮರಳಿನ ಮೇಲೆ ಕೂತೆ.

ಸಂಜೆ ಮಟ್ಟುವಿಗೆ ಹೋಗಿ ಗುಳ್ಳದ ತೋಟ ನೋಡಿದೆವು. ಅದೇ ಕಣೋ, ಉಡುಪಿಯವರು ಸಾಂಬಾರಿಗೆ ಇದೇ ಬೇಕು ಅನ್ನುವ ದುಂಡು ಬದನೆಕಾಯಿ. 2011ರಲ್ಲಿ ಜಿಐ ಟ್ಯಾಗ್ ಸಿಕ್ಕಿದೆ. ವಾದಿರಾಜರು ಕೊಟ್ಟ ಬೀಜ ಅಂತ ಅಲ್ಲಿಯವರ ನಂಬಿಕೆ. ಅಪ್ಪ ಒಂದು ಕಾಯಿಯನ್ನು ಗಿಡದಲ್ಲೇ ಮೇಲೆತ್ತಿ, ತೊಟ್ಟಿನ ಮುಳ್ಳು ಸವರಿ, ತಿಳಿಹಸಿರು ಸಿಪ್ಪೆಯ ಮೇಲಿನ ಬಿಳಿ ಗೆರೆ ನೋಡಿ, ಮಣ್ಣು ಹಿಸುಕಿ ಮೂಸಿದ. ಆಚೆ ಸಮುದ್ರ, ಈಚೆ ಹೊಳೆ, ನಡುವೆ ಇಂಥ ಬೆಳೆ. ತೋಟದವರ ಜೊತೆ ಕತ್ತಲಾಗುವವರೆಗೂ ಮಾತಾಡಿದ. ಅವರದ್ದು ತುಳು ಬೆರೆತ ಕನ್ನಡ, ಇವನದ್ದು ಪಾಂಡವಪುರದ್ದು. ಸೊಸೈಟಿ ಸಾಲದ ವಿಷಯ ಬಂದಾಗ ಇಬ್ಬರಿಗೂ ಎಲ್ಲ ಸಲೀಸಾಗಿ ಅರ್ಥವಾಯಿತು.

ಸೇಂಟ್ ಮೇರಿಸ್ ದ್ವೀಪಕ್ಕೂ ದೋಣಿಯಲ್ಲಿ ಹೋಗಿ ಬಂದೆವು. ಕಂಬ ಕಂಬವಾಗಿ ಸೀಳಿ ನಿಂತ ಬಂಡೆಗಳು. ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾದ ಕಾಲದ್ದು, ಸುಮಾರು 8.8 ಕೋಟಿ ವರ್ಷದ ಹಿಂದಿನದ್ದು ಅಂತ ನನ್ನ ಹೆಂಡತಿ ಮೊಬೈಲ್ ನೋಡಿ ಓದಿದಳು. ಅಪ್ಪ ಬಂಡೆ ತಟ್ಟಿ, "ಇದ್ಕೂ ಭಾಗ ಆಗೈತಾ? ಯಾವ ಸರ್ವೇಯರ್ ಬಂದಿದ್ನಂತೆ?" ಅಂದ. ಚಿಕ್ಕಪ್ಪನ ಮೇಲಿನ ಕೇಸು ಇನ್ನೂ ನಡೀತಿದೆ, ಗೊತ್ತಲ್ಲ.

ಇಲ್ಲಿಯವರೆಗೆ ಪತ್ರ ಚೆನ್ನಾಗಿತ್ತು. ಇಲ್ಲೇ ನಿಲ್ಲಿಸಿ ನಾಲ್ಕು ಫೋಟೋ ಹಾಕಿದ್ದರೆ ಸಾಕಾಗಿತ್ತು.

ವಾಪಸ್ ಬಂದ ಮೇಲೆ ಮಲ್ಪೆ ಬೀಚಿನಲ್ಲಿ ಮಗಳು ನೀರಿಗೆ ಇಳಿಯಬೇಕು ಅಂತ ಹಟ ಹಿಡಿದಳು. ನಾನು ಮೊಣಕಾಲವರೆಗೂ ಹೋಗಿ ನಿಂತೆ. ನನಗೆ ಅಷ್ಟೇ ಆಗೋದು. ಅಪ್ಪ ಪಂಚೆ ಬಿಚ್ಚಿ ಅವ್ವನ ಕೈಗೆ ಕೊಟ್ಟ. ಪಟಾಪಟಿ ಚಡ್ಡಿಯಲ್ಲೇ ಸೀದಾ ನೀರೊಳಗೆ ನಡೆದುಹೋದ. ಒಂದು ಅಲೆ ಬಂತು, ಅದರ ಕೆಳಗೆ ಮುಳುಗಿ ಆಚೆ ಎದ್ದ. ಆಮೇಲೆ ಕೈ ಬೀಸಿಕೊಂಡು ಈಜತೊಡಗಿದ. ಎಪ್ಪತ್ತು ದಾಟಿದ ಮುದುಕ ಕಣೋ! ಜೀವರಕ್ಷಕನೂ ಸೀಟಿ ಊದೋದು ಮರೆತು ನೋಡುತ್ತಿದ್ದ. ನಾನು ಹುಟ್ಟಿದಾಗಿನಿಂದ ಆ ಮನುಷ್ಯ ಈಜಿದ್ದನ್ನು ನೋಡಿಲ್ಲ. ಅವ್ವನಿಗೆ ಗೊತ್ತಿತ್ತಂತೆ. "ಮದ್ವೆಗೆ ಮುಂಚೆ ನಾಲೆ ಬಿಟ್ಟು ಮೇಲೆ ಬತ್ತಿರ್ಲಿಲ್ವಂತೆ" ಅಂದಳು.

ಆಮೇಲೆ ಮಗಳನ್ನು ಕರೆದ. ಅವಳನ್ನು ಅಂಗಾತ ಮಲಗಿಸಿ ಬೆನ್ನ ಕೆಳಗೆ ಎಡಗೈ ಕೊಟ್ಟ. ಆಲೆಮನೆ ಗಾಣಕ್ಕೆ ಕಿರುಬೆರಳ ತುದಿ ಕೊಟ್ಟಿರುವ ಕೈ. "ಹೊಟ್ಟೆ ಸಡ್ಲ ಬುಡು ಕೂಸೇ. ತಲೆ ಹಿಂದಕ್ಕಾಕು. ನಾನ್ ಇಡ್ಕಂಡಿವ್ನಿ." ಅವಳು ತೇಲಿದಳು. ಅಪ್ಪ ನಕ್ಕ. ಬಾಯಿ ತೆರೆದು, ಇರುವ ಹಲ್ಲೆಲ್ಲ ಕಾಣುವ ಹಾಗೆ.

ನಾನು ಎಲ್ಲರ ಚಪ್ಪಲಿ ಹಿಡಿದುಕೊಂಡು ನಿಂತಿದ್ದೆ.

ನನಗೆ ಈಜು ಯಾಕೆ ಬರಲ್ಲ ಅಂತ ಲೋಕದಲ್ಲಿ ಗೊತ್ತಿರುವುದು ನಿನಗೊಬ್ಬನಿಗೆ. ತೂಬಿನ ಹತ್ತಿರ ಸಿಕ್ಕಿಬಿದ್ದ ದಿನ ಇಬ್ಬರಿಗೂ ಒಂದೇ ಹುಣಸೆ ಬರಲಲ್ಲಿ ಬಿದ್ದಿತ್ತು. ನೀನು ಬಾಸುಂಡೆ ಆರುವ ಮೊದಲೇ ಮತ್ತೆ ಹೋಗಿ ಕಲಿತೆ. ನಾನು ಹೋಗಲಿಲ್ಲ. ಅಪ್ಪ ಹೊಡೆದದ್ದು ಭಯಕ್ಕೆ, ಅದು ಗೊತ್ತು. ನಾಲೆಯ ಸೆಳೆತ ಎಂಥದ್ದು ಅಂತ ನಮ್ಮ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. 2018ರಲ್ಲಿ ಕನಗನಮರಡಿಯಲ್ಲಿ ಬಸ್ಸು ನಾಲೆಗೆ ಬಿದ್ದು 30 ಜನ ತೀರಿಕೊಂಡಾಗ ಅಪ್ಪ ಊಟ ಮಾಡದೆ ಮಲಗಿದ್ದ. ಎಲ್ಲ ಗೊತ್ತು.

ಆದರೂ ಅಲ್ಲಿ ನಿಂತಾಗ ನನಗೆ ಅನ್ನಿಸಿದ್ದೇ ಬೇರೆ. ಆ ಕೈ ನನ್ನ ಬೆನ್ನ ಕೆಳಗೆ ಯಾವತ್ತಾದರೂ ಇತ್ತಾ ಅಂತ ಹುಡುಕಿದೆ. ಸಿಗಲಿಲ್ಲ. ಜ್ವರ ಬಂದಾಗ ಎತ್ತಿಕೊಂಡಿರಬಹುದು, ಜಾತ್ರೆಯಲ್ಲಿ ಹೆಗಲ ಮೇಲೆ ಕೂರಿಸಿರಬಹುದು. ನೆನಪಿಲ್ಲ. ಒಂದು ಗಳಿಗೆ, ಅವಳಿಗೆ ಒಂದು ಗುಟುಕು ಉಪ್ಪುನೀರು ಹೋಗಲಿ, ಅತ್ತುಕೊಂಡು ನನ್ನ ಹತ್ತಿರ ಓಡಿ ಬರಲಿ ಅನ್ನಿಸಿತು. ಏಳು ವರ್ಷದ ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು. ಅದೂ ನಮ್ಮಪ್ಪನ ವಿಷಯಕ್ಕೆ. ಎಂಥ ಗಂಡಸು ನಾನು, ಹೇಳು.

ರಾತ್ರಿ ಜಗಲಿಯಲ್ಲಿ ಅಪ್ಪನ ಪಕ್ಕ ಕೂತು, "ಅಪ್ಪ, ನಿಂಗೆ ಇಷ್ಟು ಚೆನ್ನಾಗಿ ಈಜು..." ಅಂತ ಶುರು ಮಾಡಿದೆ. "ಊಂ. ಆ ಬಾಟ್ಲು ಕೊಡು, ಉಪ್ಪುನೀರು ಕುಡ್ದು ಗಂಟ್ಲೆಲ್ಲ ಒಣಗೋಗದೆ" ಅಂದ. ಕೊಟ್ಟೆ. ಕುಡಿದ. ಗೊರಕೆ ಹೊಡೆದ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಂಭಾಷಣೆ ಆದದ್ದು ಗದ್ದೆ ಮಾರುವಾಗ ಮಾತ್ರ.

ಇದನ್ನೆಲ್ಲ ಬರೆಯಬೇಕು ಅಂತ ಕೂತಿರಲಿಲ್ಲ. ಬಂಗುಡೆ ಬಗ್ಗೆ ಬರೆಯಲು ಕೂತಿದ್ದೆ. ನನ್ನ ಹೆಂಡತಿಯೂ ಇಲ್ಲಿ ಓದುತ್ತಾಳೆ, ಆದ್ದರಿಂದ ಮೇಲಿನದ್ದೆಲ್ಲ ಸೆಕೆಗೆ ತಲೆ ಕಾದು ಬರೆದದ್ದು ಅಂತ ತಿಳಿಯತಕ್ಕದ್ದು. ಅಪ್ಪ ಓದುವುದಿಲ್ಲ. ಅವನಿಗೆ ಡ್ಯಾಮ್ ಮಟ್ಟ ಸಾಕು.

ಹಾಂ, ಸಮುದ್ರದ ಆ ದಡದಲ್ಲಿ, ಒಮಾನಿನ ಸಲಾಲಾದಲ್ಲಿ ಗೂಬೆ ಮಾವ ಇದ್ದಾನೆ ಅಂತ ಮಗಳಿಗೆ ಹೇಳಿದ್ದೆ. ಹಾಗಾದರೆ ಈಜಿಕೊಂಡು ಬರಲಿ ಅಂದಳು. ನಿನಗಾದರೆ ಬರುತ್ತದೆ, ಬಾ.

ಈಗ ಅವಳನ್ನು ಮೈಸೂರಿನಲ್ಲಿ ಸರಸ್ವತೀಪುರಂ ಈಜುಕೊಳಕ್ಕೆ ಸೇರಿಸಬೇಕಂತೆ. ತಾತನ ಆರ್ಡರ್. ವಿಚಾರಿಸಲು ಹೋದವನು, ಸುಮ್ನೆ, ದೊಡ್ಡವರಿಗೂ ಕಲಿಸುತ್ತಾರಾ ಅಂತ ಕೇಳಿದೆ. ಬೆಳಿಗ್ಗೆ ಬ್ಯಾಚ್ ಇದೆಯಂತೆ. ಈಜುವ ಚಡ್ಡಿಯನ್ನೂ ನೋಡಿ ಬಂದೆ. ನನ್ನ ಸೊಂಟಕ್ಕೆ ಆಗುವುದು ಗಿಳಿಹಸಿರು ಬಣ್ಣದ್ದು ಒಂದೇ ಇದೆ. ಪಿ.ಟಿ. ಮೇಷ್ಟ್ರು ನೋಡಿದ್ದರೆ ಏನನ್ನುತ್ತಿದ್ದರು ಅಂತ ನೀನು ಇಲ್ಲಿ ಎಲ್ಲರ ಮುಂದೆ ಬರೆದೀಯ ಮತ್ತೆ, ಹುಷಾರ್.

ನಿನ್ನ,
ಸೋಮವಾರದ ಇಡ್ಲಿ