ಶಿಕ್ಷೆಗೆ ಮುನ್ನ ಅಪರಾಧಿಯ ಹಿನ್ನೆಲೆಯೂ ಕಡತ ಸೇರಲಿ

ಮಾನ್ಯ ಸಂಪಾದಕರೇ,

ಸೆಷನ್ಸ್ ವಿಚಾರಣೆಯಲ್ಲಿ ಆರೋಪ ಸಾಬೀತಾದ ಮೇಲೆ, ಶಿಕ್ಷೆಯ ಪ್ರಮಾಣದ ಬಗ್ಗೆ ಅಪರಾಧಿಯ ಮಾತನ್ನು ಪ್ರತ್ಯೇಕವಾಗಿ ಆಲಿಸಬೇಕೆಂಬ ನಿಯಮ 1973ರ ದಂಡ ಪ್ರಕ್ರಿಯಾ ಸಂಹಿತೆಯ 235(2)ನೇ ಕಲಮಿನಲ್ಲಿತ್ತು. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 258(2)ನೇ ಕಲಮಿನಲ್ಲಿಯೂ ಉಳಿದಿದೆ. ಈ ಹಂತದಲ್ಲಿ ಅಪರಾಧಿಯ ಸಾಮಾಜಿಕ ಮತ್ತು ಆರ್ಥಿಕ ಹಿನ್ನೆಲೆಗೆ ಸಂಬಂಧಿಸಿದ ದಾಖಲೆಗಳನ್ನು ಸಲ್ಲಿಸಲು ಅವಕಾಶವಿರಬೇಕೆಂದು ಸುಪ್ರೀಂ ಕೋರ್ಟ್ 1976ರಲ್ಲೇ ಸಂತಾ ಸಿಂಗ್ ಪ್ರಕರಣದಲ್ಲಿ ಹೇಳಿತ್ತು.

ಕಾನೂನು ನೆರವಿನ ವಕೀಲನಾಗಿ ನನ್ನ ಕೈಗೆ ಬರುವ ಜೈಲು ಮೇಲ್ಮನವಿಗಳಲ್ಲಿ, ಅಂದರೆ ಕೈದಿಗಳು ಜೈಲಿನಿಂದಲೇ ಸಲ್ಲಿಸುವ ಮೇಲ್ಮನವಿಗಳಲ್ಲಿ, ಇದರ ಗುರುತು ಕಾಣುವುದು ಅಪರೂಪ. ಸಾಕ್ಷ್ಯದ ಚರ್ಚೆಗೆ ಹತ್ತಾರು ಪುಟ ಮೀಸಲಾದ ತೀರ್ಪಿನಲ್ಲಿ ಶಿಕ್ಷೆಯ ವಿಚಾರಣೆ ನಾಲ್ಕೈದು ಸಾಲಿಗೆ ಮುಗಿದಿರುತ್ತದೆ: ತಾನು ಬಡವನೆಂದೂ, ವಯಸ್ಸಾದ ತಂದೆತಾಯಿ ಮತ್ತು ಮಕ್ಕಳಿಗೆ ತಾನೊಬ್ಬನೇ ಆಧಾರವೆಂದೂ ಹೇಳಿ ಕನಿಷ್ಠ ಶಿಕ್ಷೆ ಕೋರಿದ್ದಾನೆ, ಅಪರಾಧದ ಗಾಂಭೀರ್ಯವನ್ನು ಗಮನಿಸಿದರೆ ಕರುಣೆ ತೋರಲು ಕಾರಣ ಕಾಣುವುದಿಲ್ಲ. ಆತ ಶಾಲೆ ಬಿಟ್ಟಿದ್ದು ಯಾವ ವಯಸ್ಸಿನಲ್ಲಿ, ದುಡಿಮೆಗೆ ಹೋಗಿದ್ದು ಎಲ್ಲಿ, ಮನೆಯಲ್ಲಿ ಹೊಡೆತ ತಿಂದು ಬೆಳೆದನೇ, ಮಾನಸಿಕ ಕಾಯಿಲೆಗೆ ಎಂದಾದರೂ ಚಿಕಿತ್ಸೆ ಸಿಕ್ಕಿತ್ತೇ ಎಂಬ ಯಾವ ವಿವರವೂ ಕಡತದಲ್ಲಿರುವುದಿಲ್ಲ. ತೀರ್ಪು ಹೊರಬಿದ್ದ ದಿನವೇ ಶಿಕ್ಷೆಯೂ ಪ್ರಕಟವಾಗುವಾಗ ಇದನ್ನೆಲ್ಲ ಸಂಗ್ರಹಿಸಲು ಸಮಯವಾದರೂ ಎಲ್ಲಿದೆ? ಕೆಳ ನ್ಯಾಯಾಲಯದಲ್ಲಿ ದಾಖಲಾಗದ್ದು ಮೇಲ್ಮನವಿಯಲ್ಲಿ ತಾನಾಗಿ ಹುಟ್ಟುವುದಿಲ್ಲವಾದ್ದರಿಂದ, ಹೈಕೋರ್ಟಿನ ಮುಂದೆ ನಾವೂ ಅದೇ ನಾಲ್ಕೈದು ಸಾಲುಗಳನ್ನು ಓದಿ ಕೈಮುಗಿಯಬೇಕಾಗುತ್ತದೆ.

ಮರಣದಂಡನೆಯ ಪ್ರಕರಣಗಳಲ್ಲಿ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಗಲ್ಲು ಶಿಕ್ಷೆಗೆ ಗುರಿಯಾದವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಆರ್ಥಿಕವಾಗಿ ದುರ್ಬಲರೆಂದು ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ವರದಿ ತೋರಿಸಿತ್ತು. ಅಪರಾಧಿಯ ಬಾಲ್ಯ, ಕುಟುಂಬ, ಶಿಕ್ಷಣ, ಮಾನಸಿಕ ಸ್ಥಿತಿ, ಜೈಲಿನೊಳಗಿನ ನಡತೆ ಇವೆಲ್ಲವುಗಳ ಬಗ್ಗೆ ವರದಿ ತರಿಸಿಕೊಳ್ಳಬೇಕೆಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮನೋಜ್ ಪ್ರಕರಣದಲ್ಲಿ ಸೂಚಿಸಿತು. ಆದರೆ ಏಳು ಅಥವಾ ಹತ್ತು ವರ್ಷಗಳ ಸಜೆಗೆ ಗುರಿಯಾಗುವ ಅಸಂಖ್ಯ ಬಡವರಿಗೆ ಇಂಥ ವರದಿಯ ಭಾಗ್ಯವಿಲ್ಲ. ಜೀವಾವಧಿ ಶಿಕ್ಷೆಗೆ ಒಳಪಡದ ಅಪರಾಧವೆಸಗಿದ 21 ವರ್ಷದೊಳಗಿನವರ ವಿಷಯದಲ್ಲಿ, ಜೈಲಿಗೆ ಕಳುಹಿಸದೆ ಸನ್ನಡತೆಯ ಷರತ್ತಿನ ಮೇಲೆ ಬಿಡಬಹುದೇ ಎಂದು ನಿರ್ಧರಿಸಲು ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕೆಂದು 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ 6ನೇ ಕಲಮು ಹೇಳುತ್ತದೆ. ಆ ಕಾಯ್ದೆಯಡಿ ಆದೇಶ ನೀಡುವ ಅಧಿಕಾರವನ್ನು 11ನೇ ಕಲಮು ಮೇಲ್ಮನವಿ ನ್ಯಾಯಾಲಯಕ್ಕೂ ಕೊಟ್ಟಿದೆ. ಇದ್ದ ಈ ದಾರಿಯನ್ನೂ ವಕೀಲರಾದ ನಾವು ಸಾಕಷ್ಟು ಬಳಸುತ್ತಿಲ್ಲ.

ಬಡವರೆಲ್ಲ ಅಪರಾಧ ಮಾಡುತ್ತಾರೆಯೇ ಎಂದು ಕೇಳುವವರಿದ್ದಾರೆ. ಖಂಡಿತ ಇಲ್ಲ, ನೊಂದವರಲ್ಲಿಯೂ ಹೆಚ್ಚಿನವರು ಬಡವರೇ, ಅವರ ನೋವನ್ನು ಯಾರೂ ಕಡೆಗಣಿಸಬಾರದು. ಇಲ್ಲಿ ಕೇಳುತ್ತಿರುವುದು ಬಿಡುಗಡೆಯನ್ನಲ್ಲ. ಇಬ್ಬರು ಒಂದೇ ಅಪರಾಧ ಮಾಡಿದ್ದರೂ, ಎಂಟನೇ ವಯಸ್ಸಿಗೆ ಇಟ್ಟಿಗೆ ಗೂಡು ಸೇರಿದವನ ಮುಂದೆ ಇದ್ದ ಆಯ್ಕೆಗಳೂ ಎಲ್ಲ ಅನುಕೂಲಗಳ ನಡುವೆ ಬೆಳೆದವನ ಮುಂದೆ ಇದ್ದ ಆಯ್ಕೆಗಳೂ ಒಂದೇ ಆಗಿರಲಿಲ್ಲ ಎಂಬುದನ್ನು ನ್ಯಾಯಾಧೀಶರು ತಿಳಿದು ತೂಗಿ ನೋಡಲಿ ಎಂಬುದಷ್ಟೇ ಬೇಡಿಕೆ. ಕಾನೂನೇ ಕನಿಷ್ಠ ಶಿಕ್ಷೆ ನಿಗದಿಪಡಿಸಿರುವ ಕಡೆ ಅದಕ್ಕಿಂತ ಕೆಳಗಿಳಿಯಲು ಹೇಗೂ ಬರುವುದಿಲ್ಲ.

ಜೈಲಿನಲ್ಲಿರುವವನಿಗೆ ತೀರ್ಪಿನ ಪ್ರತಿಯನ್ನೂ ಮೇಲ್ಮನವಿಗೆ ವಕೀಲರನ್ನೂ ಉಚಿತವಾಗಿ ಒದಗಿಸಬೇಕೆಂದು 1978ರ ಹೊಸ್ಕೋಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ವಿಧಿಸಿದ್ದು ಇಂದು ರೂಢಿಯಾಗಿದೆ. ಅದರ ಮುಂದಿನ ಹೆಜ್ಜೆಯಾಗಿ, ದೀರ್ಘ ಸಜೆಯ ಪ್ರತಿ ಜೈಲು ಮೇಲ್ಮನವಿಯಲ್ಲಿಯೂ ಕಾನೂನು ನೆರವಿನ ಕೆಲಸಕ್ಕೆ ತರಬೇತಿ ಪಡೆದ ಅರೆಕಾನೂನು ಸ್ವಯಂಸೇವಕರನ್ನು ಅಪರಾಧಿಯ ಊರಿಗೆ ಕಳುಹಿಸಿ, ಮನೆಯವರು, ಶಿಕ್ಷಕರು ಮತ್ತು ನೆರೆಹೊರೆಯವರ ಹೇಳಿಕೆ, ಶಾಲಾ ದಾಖಲೆ, ಆಸ್ಪತ್ರೆಯ ಚೀಟಿಗಳನ್ನು ಸಂಗ್ರಹಿಸಿ, ಆ ವರದಿಯನ್ನು ಮೇಲ್ಮನವಿಯ ಜೊತೆ ಸಲ್ಲಿಸುವ ವ್ಯವಸ್ಥೆಯನ್ನು ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಮಾಡಬೇಕು. ಹಾಗೆಯೇ ಸೆಷನ್ಸ್ ನ್ಯಾಯಾಲಯಗಳು ತೀರ್ಪಿಗೂ ಶಿಕ್ಷೆಗೂ ನಡುವೆ ಕನಿಷ್ಠ ಎರಡು ವಾರಗಳ ಅವಕಾಶ ಕೊಡುವಂತೆ ಹೈಕೋರ್ಟ್ ಸುತ್ತೋಲೆ ಹೊರಡಿಸಬೇಕೆಂದು ವಿನಂತಿಸುತ್ತೇನೆ.

ಓರ್ವ ವಕೀಲ, ಧಾರವಾಡ