ಭಾನುವಾರದ ಅಭ್ಯಾಸ ಮತ್ತು ಒಂದು ತಂಡದ ಕಥೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 6.30ಕ್ಕೆ ಹೈಸ್ಕೂಲ್ ಮೈದಾನದಲ್ಲಿ ಹುಡುಗಿಯರ ಹಾಕಿ ಅಭ್ಯಾಸ ಇದೆ. ಸ್ಟಿಕ್, ಶಿನ್ ಗಾರ್ಡ್, ನೀರಿನ ಬಾಟಲಿ ಮರೆಯಬೇಡಿ.

ಆಟ ಮುಗಿದ ಮೇಲೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಮಹಿಳಾ ಹಾಕಿ ತಂಡದ ಬಗ್ಗೆ ಮಾತಾಡೋಣ. 1989ರಿಂದ 2023ರವರೆಗೆ ಅವರು 11 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಗಿದ್ದಾರೆ. ಅದರಲ್ಲಿ 10 ಬಂದಿದ್ದು ಕ್ಯಾರನ್ ಶೆಲ್ಟನ್ ಕೋಚ್ ಆಗಿದ್ದಾಗ. 1984ರ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ತಂಡದಲ್ಲಿ ಆಡಿದವರು ಅವರು. 1981ರಲ್ಲಿ ಕೋಚ್ ಆಗಿ ಬಂದು, 42 ಸೀಸನ್ ಒಂದೇ ಕಡೆ ನಿಂತರು.

ನನಗೆ ಜಾಸ್ತಿ ಇಷ್ಟವಾಗಿದ್ದು ಎರಿನ್ ಮ್ಯಾಟ್ಸನ್ ಕಥೆ. 2022ರ ಫೈನಲ್‌ನಲ್ಲಿ ಗೆಲುವಿನ ಗೋಲು ಹೊಡೆದಿದ್ದು ಇವರೇ. ಆ ವರ್ಷ ತಂಡ ಒಂದು ಪಂದ್ಯವನ್ನೂ ಸೋಲಲಿಲ್ಲ. ಮುಂದಿನ ಜನವರಿಯಲ್ಲಿ, 22ನೇ ವಯಸ್ಸಿಗೆ, ಅದೇ ತಂಡಕ್ಕೆ ಕೋಚ್ ಆದರು! ನಿನ್ನೆಯವರೆಗೆ ಜೊತೆಗೆ ಆಡಿದ ಗೆಳತಿಯರಿಗೇ ಹೇಳಿಕೊಡಬೇಕು, ಸುಲಭವಲ್ಲ ಅಲ್ವಾ? ಆ ವರ್ಷವೂ ಶೂಟೌಟ್‌ನಲ್ಲಿ ಕಪ್ ಗೆದ್ದರು.

ಕಾಲೇಜು ಮುಗಿಸಿದ ಅಕ್ಕಂದಿರೇ, ನೀವೂ ಬನ್ನಿ. ಚಿಕ್ಕವರಿಗೆ ಡ್ರಿಬ್ಲಿಂಗ್ ಹೇಳಿಕೊಡಲು ಇಬ್ಬರಾದರೂ ಬೇಕು. ಬರುವವರು ಶನಿವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.