ಗುಂಡ, ನೀನು ತಮಾಷೆಗೇ ಕೇಳಿದ್ದಿರಬಹುದು

ಪ್ರೀತಿಯ ಗುಂಡ,

ಇದನ್ನು ನಿನ್ನ ವಾಟ್ಸಾಪಿಗೇ ಹಾಕಬಹುದಿತ್ತು. ಆದರೆ ನೀನು ಉದ್ದದ್ದನ್ನು ಓದುವ ಪೈಕಿ ಅಲ್ಲ, ಒಂದು ಹೆಬ್ಬೆಟ್ಟು ಒತ್ತಿ ಮುಗಿಸುತ್ತೀಯ. ನಾಲ್ಕು ಜನರ ಎದುರು ಬರೆದರೆ ಮರ್ಯಾದೆಗಾದರೂ ಪೂರ್ತಿ ಓದುತ್ತೀಯ ಅಂತ ಇಲ್ಲಿ ಹಾಕಿದ್ದೇನೆ. ಉಳಿದವರು ಓದಿದರೆ ಓದಲಿ. ಕೊಡೆಯ ವಿಷಯ ಮಾತ್ರ ಇಲ್ಲಿ ಎತ್ತಬೇಡ, ನನ್ನ ಹಳೇ ವಿದ್ಯಾರ್ಥಿಗಳೂ ಇದ್ದಾರೆ.

ಹೋದ ವಾರ ಫೋನಿನಲ್ಲಿ ವಿಲಿಯಂ ಕೇರಿಯ ಬಗ್ಗೆ ಮುಕ್ಕಾಲು ಗಂಟೆ ನಿನ್ನ ತಲೆ ತಿಂದೆನಲ್ಲ. "ಯಾವ ಕೇರಿ ಮಾರಾಯ, ಮೇಲಿನಕೇರಿಯೋ ಕೆಳಗಿನಕೇರಿಯೋ?" ಅಂದಿದ್ದೆ. ನನ್ನ ತಲೆಗೆ ಆಗ ಹತ್ತಿದ್ದು 1817ರಲ್ಲಿ ಬಂಗಾಳದ ಶ್ರೀರಾಮಪುರದ ಮಿಷನ್ ಪ್ರೆಸ್ಸಿನಲ್ಲಿ ಅಚ್ಚಾದ ಅವನ ಕನ್ನಡ ವ್ಯಾಕರಣ. ಇಂಗ್ಲೆಂಡಿನ ಹಳ್ಳಿಯ ನೇಕಾರನ ಮಗ, ಚಪ್ಪಲಿ ಹೊಲಿಯುವ ಕಸುಬು ಕಲಿತವನು, ಬ್ಯಾಪ್ಟಿಸ್ಟ್ ಉಪದೇಶಕ, ಹಳ್ಳಿ ಶಾಲೆಯ ಮೇಷ್ಟ್ರು. ಅಂಥವನು ಹೂಗ್ಲಿ ನದಿಯ ದಂಡೆಯಲ್ಲಿ ಕೂತು ನಮ್ಮ ವಿಭಕ್ತಿ ಪ್ರತ್ಯಯಗಳ ಲೆಕ್ಕ ಬರೆದಿಟ್ಟ! ಅದಕ್ಕೂ ಐದು ವರ್ಷ ಮೊದಲು, 1812ರ ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಬಿದ್ದು ಕಾಗದ, ಅಕ್ಷರದ ಮೊಳೆ, ಹಸ್ತಪ್ರತಿ ಎಲ್ಲ ಸುಟ್ಟಿದ್ದವು. ಸುಟ್ಟಿದ್ದರಲ್ಲಿ ಅವನು ಕನ್ನಡಕ್ಕೆ ಮಾಡಿದ್ದ ಬೈಬಲಿನ ಹೊಸ ಒಡಂಬಡಿಕೆಯ ಅನುವಾದವೂ ಇತ್ತು, ತೆಲುಗು ವ್ಯಾಕರಣವೂ ಇತ್ತು. ಮೊಳೆ ಎರಕ ಹೊಯ್ಯುವ ಉಕ್ಕಿನ ಅಚ್ಚುಗಳು ಮಾತ್ರ ಬೂದಿಯೊಳಗೆ ಹಾಳಾಗದೆ ಸಿಕ್ಕವು. ಅದನ್ನೇ ಹಿಡಿದು ಮತ್ತೆ ಶುರು ಮಾಡಿದರು.

ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿ ಬಂದಿತ್ತು, ನಿಜ. ನೀನು ಎಲ್ಲ ಕೇಳಿಸಿಕೊಂಡು, "ಸರಿ, ಅಷ್ಟು ಹೊತ್ತೂ ಅವನ ಹೆಂಡತಿ ಏನು ಮಾಡುತ್ತಿದ್ದಳು?" ಅಂದೆ. ನಾನು ನಕ್ಕು ಫೋನಿಟ್ಟೆ.

ಆಮೇಲೆ ಹುಡುಕಿಕೊಂಡು ಓದಿದೆ. ಓದಬಾರದಿತ್ತು.

ಅವಳ ಹೆಸರು ಡೊರೊತಿ. 1781ರಲ್ಲಿ ಮದುವೆ. ಅವಳಿಗೆ ಬರೆಯಲು ಬರುತ್ತಿರಲಿಲ್ಲ, ಚರ್ಚಿನ ದಫ್ತರದಲ್ಲಿ ಸಹಿ ಇರಬೇಕಾದ ಜಾಗದಲ್ಲಿ ಅವಳದೊಂದು ಗೀಟಿನ ಗುರುತು. ಮುಂದೆ ಹತ್ತಾರು ಭಾಷೆಗಳನ್ನು ಅಚ್ಚಿಗೆ ತಂದವನ ಹೆಂಡತಿಯ ರುಜು ಅದು. 1793ರಲ್ಲಿ ಇವನು ಇಂಡಿಯಾಕ್ಕೆ ಹೊರಟು ನಿಂತಾಗ ಅವಳು ಬಸುರಿ, ನಾನು ಬರುವುದಿಲ್ಲ ಅಂದಳು. ಇವನು ದೊಡ್ಡ ಮಗ ಫೀಲಿಕ್ಸನನ್ನು ಕರೆದುಕೊಂಡು ಹಡಗು ಹತ್ತಿಯೇಬಿಟ್ಟ. ಈಸ್ಟ್ ಇಂಡಿಯಾ ಕಂಪನಿಯ ಪರವಾನಗಿ ಇಲ್ಲ ಅಂತ ಹಡಗಿನಿಂದ ಇಳಿಸಿದರು. ಇನ್ನೊಂದು ಹಡಗು ಗೊತ್ತಾಗುವಷ್ಟರಲ್ಲಿ ಅವಳು ಹೆತ್ತಿದ್ದಳು. ಜೊತೆಗಾರ ಥಾಮಸ್ ಡಾಕ್ಟರು ಮನೆಗೆ ಹೋಗಿ, ಈಗ ಬರದಿದ್ದರೆ ಸಂಸಾರ ಒಡೆದುಹೋಗುತ್ತದೆ, ಜನ್ಮಪೂರ್ತಿ ಕೊರಗುತ್ತೀಯ ಅಂತ ಹೆದರಿಸಿದ. ತಂಗಿ ಜೊತೆಗೆ ಬರುವುದಾದರೆ ಬರುತ್ತೇನೆ ಅಂದಳು. ಹಸಿ ಬಾಣಂತಿ, ಒಂದೇ ದಿನದಲ್ಲಿ ಮನೆ ಖಾಲಿ ಮಾಡಿ ಹೊರಟಳು.

ಮಾರನೇ ವರ್ಷ ಐದು ವರ್ಷದ ಮಗ ಪೀಟರ್ ರಕ್ತಭೇದಿಯಿಂದ ಸತ್ತ. ಪರದೇಶಿ ಮಗುವಿನ ಗುಂಡಿ ತೋಡುವುದಕ್ಕೆ, ಹೆಣ ಹೊರುವುದಕ್ಕೆ ಜನ ಸಿಗದೆ ಪರದಾಡಿದರು. ಅಲ್ಲಿಂದಾಚೆ ಅವಳ ಮನಸ್ಸು ನೆಟ್ಟಗಾಗಲಿಲ್ಲ. ಗಂಡನಿಗೆ ಬೇರೆ ಹೆಂಗಸಿನ ಸಹವಾಸ ಇದೆ ಅಂತ ಹಿಂದೆ ಹಿಂದೆ ಹೋಗುವುದು, ಬೀದಿಯಲ್ಲಿ ಕೂಗಾಡುವುದು. ಕೊನೆಗೆ ಕೋಣೆಯಲ್ಲಿ ಕೂಡಿಹಾಕಿದರು. 1800ರ ಡಿಸೆಂಬರ್ 28ರಂದು ಮಿಷನ್ನಿನ ದೊಡ್ಡ ಹಬ್ಬ: ಕೃಷ್ಣ ಪಾಲ್ ಎಂಬ ಬಂಗಾಳಿ ಬಡಗಿಗೂ ಮಗ ಫೀಲಿಕ್ಸನಿಗೂ ಹೂಗ್ಲಿಯಲ್ಲಿ ಮುಳುಗಿಸಿ ದೀಕ್ಷಾಸ್ನಾನ. ಅವತ್ತೂ ಅವಳು ಕೋಣೆಯೊಳಗೇ. ಅವಳನ್ನು ಹೆದರಿಸಿ ಕರೆತಂದ ಥಾಮಸನ ತಲೆಯೂ ಆ ಹೊತ್ತಿಗೆ ಕೆಟ್ಟು, ಅವನನ್ನೂ ಇನ್ನೊಂದು ಕಡೆ ಕೂಡಿಹಾಕಿದ್ದರು. 1807ರ ಡಿಸೆಂಬರಿನಲ್ಲಿ ಅವಳು ತೀರಿಕೊಂಡಳು. ಹನ್ನೆರಡು ವರ್ಷ, ಗುಂಡ. ಬಂಗಾಳಿ ಹೊಸ ಒಡಂಬಡಿಕೆ ಅಚ್ಚಾಗಿದ್ದು ಆ ಹನ್ನೆರಡು ವರ್ಷದ ನಡುವೆ. ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಕಂಪನಿಯ ಹುಡುಗರಿಗೆ ಪಾಠ ಶುರು ಮಾಡಿದ್ದೂ ಆಗಲೇ. ಆ ಹುಡುಗರಿಗಾಗಿ 1801ರಲ್ಲಿ ಆಡುಮಾತಿನ ಸಂಭಾಷಣೆಗಳ ಪುಸ್ತಕ ತಂದ. ಅದರಲ್ಲಿ ಕೂಲಿಯವರ ಮಾತಿದೆ, ಹೆಂಗಸರ ಜಗಳವೂ ಇದೆ. ಬೀದಿಯ ಹೆಂಗಸರು ಹೇಗೆ ಬೈದುಕೊಳ್ಳುತ್ತಾರೆ ಎಂಬುದು ಪಠ್ಯಪುಸ್ತಕವಾಯಿತು. ಒಳಗಿನ ಕೋಣೆಯ ಬೈಗುಳ ಯಾವ ಪುಸ್ತಕಕ್ಕೂ ಹೋಗಲಿಲ್ಲ.

ಅವನು ಕಟುಕನಲ್ಲ. ಹುಚ್ಚಾಸ್ಪತ್ರೆಗೆ ಸೇರಿಸು ಅಂದವರ ಮಾತು ಕೇಳದೆ ಮನೆಯಲ್ಲೇ ಇಟ್ಟುಕೊಂಡ. ಮುಂದೆ ಸತಿ ನಿಷೇಧದ ಕಾನೂನು ಅನುವಾದಕ್ಕೆ ಕೈಗೆ ಬಂದಾಗ ಭಾನುವಾರದ ಪ್ರಾರ್ಥನೆ ಬಿಟ್ಟು, ತಡವಾದರೆ ಇನ್ನೊಬ್ಬಳು ಸುಡುತ್ತಾಳೆ ಅಂತ ಕೂತು ಮುಗಿಸಿದವನು. ನನ್ನಲ್ಲಿ ದೊಡ್ಡ ಪ್ರತಿಭೆ ಏನಿಲ್ಲ, ಹಿಡಿದ ಕೆಲಸ ಬಿಡದೆ ಕಾಲೆಳೆದುಕೊಂಡಾದರೂ ನಡೆಯಬಲ್ಲೆ ಅಂತ ತಮ್ಮನ ಮಗನ ಹತ್ತಿರ ಹೇಳಿಕೊಂಡಿದ್ದ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಇದನ್ನೇ ಅಲ್ಲವೇನೋ ನಾನು ಹೇಳಿದ್ದು! ಬಿಡದೆ ನಡೆಯುವವನ ಮನೆಯಲ್ಲಿ ಬಾಗಿಲ ಚಿಲಕ ಯಾರು ಹಾಕುತ್ತಿದ್ದರು ಅಂತ ಯಾವತ್ತೂ ಕೇಳಿಕೊಂಡವನಲ್ಲ.

ಇಲ್ಲಿಗೆ ನಿಲ್ಲಿಸಬೇಕು ಅಂತಲೇ ಇದ್ದೆ.

ಲಾಕ್‌ಡೌನ್ ಕಾಲದಲ್ಲಿ ಅಮ್ಮ ಹೇಗಿದ್ದಾಳೆ ಅಂತ ನೀನು ಕೇಳಿದಾಗೆಲ್ಲ, "ನನ್ನ ಕ್ಲಾಸಿನ ಹೊತ್ತಿಗೆ ಸರಿಯಾಗಿ ಮಲಗಿಬಿಡುತ್ತಾಳೆ, ಪುಣ್ಯ" ಅನ್ನುತ್ತಿದ್ದೆನಲ್ಲ. ಅವಳು ಮಲಗುತ್ತಿರಲಿಲ್ಲ. ಮರೆವು ಆಗಲೇ ಜಾಸ್ತಿಯಾಗಿತ್ತು. ಒಂದು ದಿನ ಆನ್‌ಲೈನ್ ಪಾಠದ ನಡುವೆ ಸೆರಗು ಜಾರಿದ್ದೂ ಗೊತ್ತಿಲ್ಲದೆ ಕ್ಯಾಮೆರಾದ ಎದುರಿಗೇ ಬಂದು, "ಶಾಲೆ ಬಿಟ್ಟಿತೇನೋ ಅಪ್ಪಿ?" ಅಂದಳು. ಮಕ್ಕಳು ನಕ್ಕವು. ಮಾರನೇ ದಿನದಿಂದ ನಾನು ಅವಳ ಕೋಣೆಗೆ ಹೊರಗಿನಿಂದ ಚಿಲಕ ಹಾಕಿದೆ. ನಲವತ್ತು ನಿಮಿಷ ಅಷ್ಟೇ. ಮೊದಮೊದಲು ಬಡಿಯುತ್ತಿದ್ದಳು, ನಾನು ಮೈಕು ಮ್ಯೂಟ್ ಮಾಡಿ, ಬಡಿತ ನಿಂತ ಮೇಲೆ ಸಂಧಿ ಪ್ರಕರಣ ಮುಂದುವರಿಸುತ್ತಿದ್ದೆ. ಆಮೇಲೆ ಬಡಿಯುವುದನ್ನೂ ಬಿಟ್ಟಳು. ಸದ್ಯ, ಅಭ್ಯಾಸವಾಯಿತು ಅಂದುಕೊಂಡೆ. ಒಂದು ದಿನ ತೆಗೆದು ನೋಡುತ್ತೇನೆ, ತಲೆ ಬಾಚಿ, ಒಳ್ಳೇ ಸೀರೆ ಉಟ್ಟು, ತೊಡೆಯ ಮೇಲೆ ಕೈಚೀಲ ಇಟ್ಟುಕೊಂಡು ಮಂಚದ ತುದಿಯಲ್ಲಿ ಕೂತಿದ್ದಾಳೆ. "ತೀರ್ಥಹಳ್ಳಿ ಬಸ್ಸು ಬಂತೇನೋ?" ಅಂದಳು. "ಇನ್ನೂ ಇಲ್ಲ ಅಮ್ಮ" ಅಂದೆ. ಚೀಲದಲ್ಲಿ ಏನಿದೆ ನೋಡಿದೆ. ನನ್ನ ಎರಡು ಸೀಮೆಸುಣ್ಣದ ಡಬ್ಬಿ.

ಆ ವರ್ಷ ನನಗೆ ಉತ್ತಮ ಶಿಕ್ಷಕ ಅಂತ ಹಾರ ಹಾಕಿದರು. ಫೋಟೋಕ್ಕೆ ನೀನೇ "ತೂಕದ ಮನುಷ್ಯ" ಅಂತ ಬರೆದಿದ್ದೆ. ನನ್ನ ಹೆಂಡತಿಗೂ ಚಿಲಕದ ವಿಷಯ ಗೊತ್ತಿಲ್ಲ, ಶಿವಮೊಗ್ಗದಲ್ಲಿ ಸಿಕ್ಕಿಕೊಂಡಿದ್ದಳು. ಈಗ ಗೊತ್ತಾಗುತ್ತದೆ. ರಾತ್ರಿ ಊಟ ನಿನ್ನ ಮನೆಯಲ್ಲೇ ಆಗಬೇಕಾಗಬಹುದು, ಅತ್ತಿಗೆಗೆ ಒಂದು ಮಾತು ಹೇಳಿಡು.

ನೋಡು, ಒಂದು ವ್ಯಾಕರಣದ ಪುಸ್ತಕದಿಂದ ಎಲ್ಲಿಗೆ ಬಂದೆ! ಕೇರಿಗೂ ನನಗೂ ಹೋಲಿಕೆ ಅಂತ ಯಾರೂ ತಿಳಿಯಬೇಡಿ. ಅವನು ಅನುವಾದ ಮಾಡಿದ, ನಾನು ಪಾಠಯೋಜನೆ ನಕಲು ಮಾಡಿದೆ. ಅವನ ಹೆಸರಿನಲ್ಲಿ ಒಂದು ಮರ ಇದೆ, ಗೊತ್ತಾ? ನಿಮ್ಮ ಗದ್ದೆಯ ಆಚೆ ದರೆಯ ಮೇಲಿರುವ ಕೌಲು ಮರ, ಎಲೆ ಉದುರುವ ಮೊದಲು ಕೆಂಪಗಾಗುತ್ತದಲ್ಲ, ಅದೇ. ಗಿಡಮರದ ಹುಚ್ಚಿದ್ದ ಕೇರಿಯ ಗೌರವಕ್ಕೆ ರಾಕ್ಸ್‌ಬರ್ಗ್ ಎಂಬ ಸಸ್ಯಶಾಸ್ತ್ರಜ್ಞ ಅದನ್ನು ಕೇರಿಯ ಆರ್ಬೋರಿಯ ಅಂತ ಕರೆದ. ನಾವು ಅದರ ನಾರು ಸುಲಿದು ಸೌದೆ ಹೊರೆ ಕಟ್ಟಿದ್ದೂ, ನೀನು ಕೊಂಬೆ ಸಮೇತ ಕೆಳಗೆ ಬಿದ್ದು "ನಾನೇ ಹಾರಿದ್ದು" ಅಂದಿದ್ದೂ ಇತಿಹಾಸ. ನನ್ನ ಹೆಸರಿನಲ್ಲಿ ಬಹಳ ಅಂದರೆ ಒಂದು ಸೀಮೆಸುಣ್ಣದ ಡಬ್ಬಿ ಇಡಬಹುದು.

ಅಮ್ಮ ಈಗ ಚಾವಡಿಯಲ್ಲಿ ಕೂತಿದ್ದಾಳೆ. ಬಾಗಿಲು ತೆರೆದೇ ಇದೆ, ಹಾಗಂತ ಬೀಗಬೇಡ, ಚಿಲಕ ಮುರಿದಿದೆ. ಬರುವಾಗ ಒಂದು ಹೊಸ ಚಿಲಕ ತರಬೇಡ. ಕೊಡೆ ತಾ.

ನಿನ್ನ
ಅಪ್ಪಿ ಮೇಷ್ಟ್ರು